ಸಿಂಹಳದ ಋತುಮಾನ ಮತ್ತು ಇತಿಹಾಸ

ಶ್ರೀಲಂಕೆಯ ಇತಿಹಾಸವನ್ನು ಓದುವವರಿಗೆ ಒಂದು ಸಂಗತಿ ಸೋಜಿಗವಾಗಿ ತೋರುತ್ತದೆ. ಆ ದ್ವೀಪದ ಪ್ರಾಚೀನ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವಗಳೆರಡೂ ಮಳೆ ಸಮೃದ್ಧವಾದ ನೈರುತ್ಯ ಭಾಗದಲ್ಲಿರದೆ, ವರ್ಷದಲ್ಲಿ ಹಲವು ತಿಂಗಳು ಒಣಗಿರುವ ಉತ್ತರದ ಬಯಲಿನಲ್ಲಿವೆ. ಇದರ ಕಾರಣವನ್ನು ತಿಳಿಯಬೇಕಾದರೆ ಅಲ್ಲಿಯ ಋತುಕ್ರಮವನ್ನು ಅರಿಯುವುದು ಅವಶ್ಯಕ.

ಈ ದ್ವೀಪವು ವಿಷುವದ್ರೇಖೆಗೆ ಸಮೀಪದಲ್ಲಿರುವುದರಿಂದ ತೀರಪ್ರದೇಶದ ಉಷ್ಣತೆ ವರ್ಷವಿಡೀ ಸುಮಾರು 27 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಅಲ್ಲಿ ಋತುಗಳನ್ನು ನಿರ್ಣಯಿಸುವುದು ಚಳಿ ಸೆಕೆಗಳಲ್ಲ, ಮಳೆ. ಮೇ ತಿಂಗಳಿಂದ ಸೆಪ್ಟೆಂಬರ್ ವರೆಗೆ ಬೀಸುವ ನೈರುತ್ಯ ಮಾರುತವು 2,500 ಮೀಟರುಗಳವರೆಗೆ ಎದ್ದುನಿಂತಿರುವ ಮಧ್ಯದ ಪರ್ವತಗಳಿಗೆ ತಾಗಿ ಕೊಲಂಬೊ, ರತ್ನಪುರಗಳ ಕಡೆ ಮಳೆ ಸುರಿಸುತ್ತದೆ. ಪರ್ವತವನ್ನು ದಾಟಿದ ಮೇಲೆ ಅದು ಬರಿಯ ಒಣಗಾಳಿ. ನಮ್ಮ ಮಲೆನಾಡು ಬಯಲುಸೀಮೆಗಳ ಅಂತರವೂ ಇಂಥದೇ. ಅಕ್ಟೋಬರ್, ನವೆಂಬರುಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ, ಬಳಿಕ ಫೆಬ್ರವರಿವರೆಗೆ ಈಶಾನ್ಯ ಮಾರುತವೂ ಒಣ ಬಯಲಿಗೆ ನೀರನ್ನು ತರುತ್ತವೆ. ಈ ಮಳೆಯನ್ನು ನಂಬಿದ ಬೇಸಾಯಕ್ಕೆ ‘ಮಹಾ’ ಎಂದೂ, ನಡುವರ್ಷದ ಬೇಸಾಯಕ್ಕೆ ‘ಯಲ’ ಎಂದೂ ಹೆಸರು. ಆರ್ದ್ರ ವಲಯದಲ್ಲಿ ವಾರ್ಷಿಕ ಮಳೆ 2,500 ಮಿಲಿಮೀಟರಿಗೆ ಮೀರಿದರೆ, ಶುಷ್ಕ ವಲಯದಲ್ಲಿ 1,750ಕ್ಕಿಂತ ಕಡಿಮೆ.

ಹೀಗೆ ಶುಷ್ಕ ವಲಯವು ಮರುಭೂಮಿಯಲ್ಲ. ಅಲ್ಲಿಯ ಕೊರತೆ ಮಳೆಯದಕ್ಕಿಂತ ಮಿಗಿಲಾಗಿ ಮಳೆಯ ಹಂಚಿಕೆಯದು. ಸಮತಟ್ಟಾದ ನೆಲವೂ ಬಿಸಿಲೂ ಬತ್ತಕ್ಕೆ ಅನುಕೂಲವಾಗಿದ್ದುವು. ಕೆಲವೇ ತಿಂಗಳಲ್ಲಿ ಬಿದ್ದ ನೀರನ್ನು ಹಿಡಿದಿಡಬೇಕಾಗಿತ್ತು. ಹಳ್ಳಿಹಳ್ಳಿಗೂ ಸಣ್ಣ ಕೆರೆಗಳು ಹುಟ್ಟಿದುವು. ಮೂರನೆಯ ಶತಮಾನದಲ್ಲಿ ಮಹಾಸೇನನು ಮಿನ್ನೇರಿಯ ಕೆರೆಯನ್ನೂ, ಐದನೆಯದರಲ್ಲಿ ಧಾತುಸೇನನು ಕಲಾವೆವವನ್ನೂ, ಮೊದಲನೆಯ ಪರಾಕ್ರಮಬಾಹು (1153–1186) ಪರಾಕ್ರಮ ಸಮುದ್ರವನ್ನೂ ಕಟ್ಟಿಸಿದರು. ಏರಿಯೊಳಗೆ ಕಲ್ಲಿನಿಂದ ಕಟ್ಟಿದ ‘ಬಿಸೊಕೊಟುವ’ ಎಂಬ ಚೌಕಬಾವಿಯು ತೂಬಿನ ನೀರಿನ ಹೊರಹರಿವನ್ನು ಹತೋಟಿಯಲ್ಲಿಡುತ್ತಿತ್ತು.

1215ರಲ್ಲಿ ಮಾಘನ ದಾಳಿಯಾದ ತರುವಾಯ ಸಿಂಹಳದ ರಾಜಸತ್ತೆಯು ಕ್ರಮೇಣ ನೈರುತ್ಯಕ್ಕೆ ಸರಿಯಿತು. ಈ ಪತನಕ್ಕೆ ಯುದ್ಧ, ಮಲೇರಿಯಾ, ನೀರಾವರಿ ಆಡಳಿತದ ಕುಸಿತ ಮುಂತಾದ ಕಾರಣಗಳನ್ನು ವಿದ್ವಾಂಸರು ಸೂಚಿಸಿದ್ದಾರೆ. ಬೃಹತ್ ನೀರಾವರಿಯು ನಿರಂಕುಶ ಪ್ರಭುತ್ವವನ್ನು ಬೆಳೆಸುತ್ತದೆಂದು 1957ರಲ್ಲಿ ವಿಟ್‌ಫೋಗೆಲ್ ವಾದಿಸಿದನು. 1959ರಲ್ಲಿ ಎಡ್ಮಂಡ್ ಲೀಚ್ ಸಿಂಹಳದ ನಿದರ್ಶನದಿಂದಲೇ ಅದನ್ನು ಪ್ರಶ್ನಿಸಿದನು: ದೊಡ್ಡ ಕೆರೆಗಳು ಶತಮಾನಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಬೆಳೆದವು, ಹಳ್ಳಿಗಳ ಅನ್ನವು ಹಳ್ಳಿಗರೇ ಕಾಪಾಡಿಕೊಳ್ಳಬಲ್ಲ ಸಣ್ಣ ಕೆರೆಗಳನ್ನು ಅವಲಂಬಿಸಿತ್ತು.

ಇದು ಕೇವಲ ಪಂಡಿತರ ವಿವಾದವಲ್ಲ. ಕೆರೆಯನ್ನು ಅರಸನ ಕೀರ್ತಿಯೆಂದು ಮಾತ್ರ ಬಗೆದರೆ, ವರ್ಷವರ್ಷವೂ ಹೂಳೆತ್ತಿ ಏರಿಗೆ ಮಣ್ಣು ಹಾಕಿದವರು ಇತಿಹಾಸದಿಂದ ಬಿಟ್ಟುಹೋಗುತ್ತಾರೆ. ರಾಜಧಾನಿ ಕಾಡುಪಾಲಾದ ಬಳಿಕವೂ ಈಶಾನ್ಯ ಮಾರುತವು ಬೀಸುತ್ತಲೇ ಇತ್ತು. ಎಷ್ಟೋ ಹಳ್ಳಿಯ ಕೆರೆಗಳು ಇಂದಿಗೂ ಬಳಕೆಯಲ್ಲಿವೆ. ಮಳೆಯ ನಕ್ಷೆಯನ್ನೂ ಕೆರೆಗಳ ನಕ್ಷೆಯನ್ನೂ ಒಟ್ಟಿಗೆ ಇಟ್ಟುಕೊಂಡು ಅರಸರ ವಂಶಾವಳಿಯನ್ನು ಓದುವ ವಿದ್ಯಾರ್ಥಿಗೆ ಈ ಮಾತಿನ ಸತ್ಯವು ಮನದಟ್ಟಾಗುವುದು.