ಹಬ್ಬದ ದಿನದ ಲೋಡ್ ಮತ್ತು ಚರ್ಚ್ ಡಿಸೈನ್

ಊರಿನ ಪುಣ್ಯಕ್ಷೇತ್ರ ಹೊಸದಾಗಿ ಕಟ್ತಿದ್ದೀವಿ, ಚಂದಾ ಕೊಡಿ ಅಂತ ಪುಣೆಯಲ್ಲಿರೋ ನಮಗೂ ಮೆಸೇಜ್ ಬರುತ್ತೆ, ಜೊತೆಗೊಂದು 3ಡಿ ಚಿತ್ರ. ಅದನ್ನು ಹೇಗೆ ನೋಡಬೇಕು? ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಒಳ್ಳೆ ಉದಾಹರಣೆ. (ಇಲ್ಲಿನ ಶಿವಾಜಿನಗರ ಅಲ್ಲ ಮಾರಾಯ್ರೆ, ಬೆಂಗಳೂರಿಂದು.)

ಅದು ಶುರುವಾದದ್ದು ಹುಲ್ಲಿನ ಛಾವಣಿಯ ಪುಟ್ಟ ಪ್ರಾರ್ಥನಾಲಯವಾಗಿ. 1875ರಲ್ಲಿ ಫಾದರ್ ಕ್ಲೈನರ್ ಗಾಥಿಕ್ ಶೈಲಿಯ ಚರ್ಚ್ ಕಟ್ಟಿಸಲು ಹೊರಟರು, 1882ರಲ್ಲಿ ಮುಗೀತು. ಅರ್ಧವೃತ್ತದ ಕಮಾನು ಗೋಡೆಯನ್ನು ಹೊರಕ್ಕೆ ಜಾಸ್ತಿ ತಳ್ಳುತ್ತೆ. ಗಾಥಿಕ್‌ನ ಚೂಪು ಕಮಾನು ಭಾರವನ್ನು ಹೆಚ್ಚಾಗಿ ಕೆಳಕ್ಕೇ ಇಳಿಸುತ್ತೆ, ಹಾಗಾಗಿ ಎತ್ತರದ ಕಿಟಕಿಗಳಿಗೆ ಜಾಗ ಸಿಗುತ್ತೆ. ಆ ಕಿಟಕಿಗಳ ಬಣ್ಣದ ಗಾಜನ್ನು ಎರಡನೇ ಮಹಾಯುದ್ಧದಲ್ಲಿ ಬಿಚ್ಚಿಟ್ಟು, 1947ರಲ್ಲಿ ಮತ್ತೆ ಕೂರಿಸಿದರು.

ಆದರೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಜನ ಬರೋದು ಕಮಾನು ನೋಡೋಕಲ್ಲ, ಸೀರೆ ಉಟ್ಟ ಮಾತೆಯನ್ನು ನೋಡೋಕೆ. ಆ ಮೂರ್ತಿಗೆ ಚರ್ಚಿನ ಪಕ್ಕದಲ್ಲೇ ಬೇರೆ ಜಾಗ ಇದೆ. ಒಳಗೆ ಬಲಿಪೂಜೆ ನಡೀತಿದ್ರೂ ಹೊರಗೆ ಮೇಣದಬತ್ತಿ ಹಿಡಿದವರ ಸಾಲು ಸಾಗ್ತಾನೇ ಇರುತ್ತೆ. ನಮ್ಮ ಭಾಷೇಲಿ ಎರಡು ಬೇರೆ ಸರ್ವರ್! ನನ್ನ ಪ್ರಕಾರ ಗೋಪುರಕ್ಕಿಂತ ಇದೇ ದೊಡ್ಡ ಡಿಸೈನ್. ಅದಕ್ಕೇ ದುಡ್ಡು ಕಳಿಸೋ ಮುಂಚೆ ನೆಲದ ಪ್ಲಾನ್ ಕೇಳಿ: ಸಾಲು ಎಲ್ಲಿ ಒಳಗೆ ಬರುತ್ತೆ, ಎಲ್ಲಿ ಹೊರಗೆ ಹೋಗುತ್ತೆ, ವೀಲ್‌ಚೇರಿನ ಅಜ್ಜಿ ಎಲ್ಲಿ ನಿಲ್ತಾರೆ?