ಮಗುವಿನ ಮೊಬೈಲಿಗೆ ಕಾವಲು: ಎಷ್ಟು, ಯಾವಾಗ, ಹೇಗೆ?

ಮುಂಬಯಿಯ ಕನ್ನಡ ಮನೆಗಳಲ್ಲಿ ಮಕ್ಕಳ ಕೈಗೆ ಮೊಬೈಲ್ ಬಂದದ್ದು ಹೆಚ್ಚಾಗಿ ಶೋಕಿಗಾಗಿ ಅಲ್ಲ, ಅಗತ್ಯಕ್ಕಾಗಿ. ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರಾದಲ್ಲಿ ಮನೆ ಮಾಡಿಕೊಂಡ ಕುಟುಂಬಗಳ ದಿನಚರಿಯನ್ನೇ ನೋಡಿ. ಹೋಟೆಲ್ ನಡೆಸುವ ಅಪ್ಪ ಮನೆಗೆ ಮರಳುವಾಗ ಮಕ್ಕಳು ಮಲಗಿರುತ್ತಾರೆ. ಕಚೇರಿ ಮುಗಿಸಿದ ಅಮ್ಮ ಲೋಕಲ್ ಹಿಡಿದು ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ. ಶಾಲೆ ಬಿಟ್ಟ ಮಗು ತಾನೇ ಬೀಗ ತೆಗೆದು ಒಳಗೆ ಬಂದು, 'ಅಮ್ಮಾ, ಮನೆಗೆ ಬಂದೆ' ಎಂದು ಫೋನ್ ಮಾಡಿದರೆ ಅಲ್ಲಿ ಅಮ್ಮನಿಗೆ ಉಸಿರು ಬಂದಂತೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದಾಗ ಪಾಠವೂ ಅದೇ ಫೋನಿಗೆ ಬಂತು. ಊರಿನ ಅಜ್ಜಿಯ ಮುಖ ಕಾಣುವುದೂ ಅದರಲ್ಲೇ.

ಇಷ್ಟು ಉಪಕಾರಕ್ಕೆ ಬಂದ ಫೋನನ್ನು ಮತ್ತೆ ಕಿತ್ತುಕೊಳ್ಳುವುದು ಆಗದ ಮಾತು. ಹಾಗೆಂದು ಮನೆಯಲ್ಲಿ ಹಿರಿಯರಿಲ್ಲದ ಐದಾರು ಗಂಟೆ ಅದರಲ್ಲಿ ಏನು ನಡೆಯುತ್ತದೆಂದು ತಿಳಿಯದೆ ಇರುವುದೂ ಕಷ್ಟ. ಇಂಥ ಹೊತ್ತಿನಲ್ಲಿ ಪೇರೆಂಟಲ್ ಕಂಟ್ರೋಲ್ ಆ್ಯಪ್‌ಗಳ ಮಾತು ಬರುತ್ತದೆ. ಅವುಗಳ ಬಗ್ಗೆ ಈ ಅಧ್ಯಾಯ ಹೇಳುವುದು ಒಂದೇ ಮಾತು: ಮಗುವಿಗೆ ತಿಳಿಸಿ ಇಟ್ಟ ಕಾವಲು ಕೆಲಸಕ್ಕೆ ಬರುತ್ತದೆ, ಕದ್ದು ನೋಡುವ ಕಾವಲು ಮಗುವನ್ನು ನಮ್ಮಿಂದ ದೂರ ಮಾಡುತ್ತದೆ.

ಭಯದ ಬೆನ್ನು ಹತ್ತಿದ ಒಂದು ವರ್ಷ

ಹೆತ್ತವರನ್ನು ಇಂಥ ಆ್ಯಪ್‌ಗಳ ಕಡೆಗೆ ನೂಕುವುದು ಬಹಳ ಸಲ ಭಯ. 2017ರ ಜುಲೈ ಕೊನೆಯಲ್ಲಿ ಮುಂಬಯಿಯಲ್ಲಿ ಒಬ್ಬ ಶಾಲಾ ಬಾಲಕ ತೀರಿಕೊಂಡ. 'ಬ್ಲೂ ವೇಲ್' ಎಂಬ ಆನ್‌ಲೈನ್ ಸವಾಲೇ ಕಾರಣವೆಂದು ಸುದ್ದಿ ಹಬ್ಬಿತು. ದೇಶದ ಮನೆಮನೆಯಲ್ಲೂ ಗಾಬರಿ. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್, ವಾಟ್ಸ್ಆ್ಯಪ್ ಮೊದಲಾದ ಕಂಪನಿಗಳಿಗೆ ಆ ಆಟದ ಕೊಂಡಿಗಳನ್ನು ತೆಗೆದುಹಾಕಲು ಸೂಚಿಸಿತು. ಶಾಲೆಗಳು ಸುತ್ತೋಲೆ ಕಳಿಸಿದವು, ಹೆತ್ತವರು ಮಕ್ಕಳ ಫೋನುಗಳನ್ನು ತಡಕಾಡಿದರು.

ಮುಂದಿನ ಜನವರಿಯಲ್ಲಿ ಸರ್ಕಾರವೇ ಲೋಕಸಭೆಗೆ ತಿಳಿಸಿದ ಸಂಗತಿ ಬೇರೆಯಾಗಿತ್ತು. ಪ್ರಕರಣಗಳನ್ನು ಪರಿಶೀಲಿಸಿದ ಸಮಿತಿಗೆ, ಯಾವ ಸಾವಿನಲ್ಲೂ ಬ್ಲೂ ವೇಲ್‌ನ ಕೈವಾಡ ಇತ್ತೆಂದು ಖಚಿತಪಡಿಸಲು ಆಗಿರಲಿಲ್ಲ. ಈ ಮಾತು ಮೊದಲಿನ ಸುದ್ದಿಯಷ್ಟು ದೂರ ಹೋಗಲಿಲ್ಲ.

ಇದರಿಂದ ನಾವು ತಿಳಿಯಬೇಕಾದದ್ದು ಇದೆ. ಎಲ್ಲರೂ ಫೋನಿನಲ್ಲಿ ಒಂದು ಆಟವನ್ನು ಹುಡುಕುತ್ತಿದ್ದಾಗ, ಮಗು ಸರಿಯಾಗಿ ಉಣ್ಣುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಗೆಳೆಯರಿಂದ ದೂರವಾಗಿದೆಯೇ ಎಂಬ ಪ್ರಶ್ನೆಗಳು ಹಿಂದೆ ಸರಿದವು. ಕುಗ್ಗಿದ ಮನಸ್ಸನ್ನು ಯಾವ ಆ್ಯಪ್ ಕೂಡ ಕಂಡುಹಿಡಿಯಲಾರದು. ಅದನ್ನು ಕಾಣಬೇಕಾದವರು ಮನೆಯವರು ಮತ್ತು ಮೇಷ್ಟ್ರು.

ಆ್ಯಪ್ ಮಾಡಬಲ್ಲ ಕೆಲಸ

ಆ್ಯಪ್‌ಗೆ ತನ್ನದೇ ಆದ ಉಪಯೋಗವಿದೆ. ಗೂಗಲ್‌ನ ಫ್ಯಾಮಿಲಿ ಲಿಂಕ್ 2017ರಲ್ಲಿ ಬಂತು. ಅದು ಉಚಿತ. ಹೆತ್ತವರ ಗೂಗಲ್ ಖಾತೆಯನ್ನೂ ಮಗುವಿನ ಖಾತೆಯನ್ನೂ ಜೋಡಿಸುತ್ತದೆ. ದಿನಕ್ಕೆ ಎಷ್ಟು ಹೊತ್ತು ಫೋನ್, ರಾತ್ರಿ ಎಷ್ಟು ಗಂಟೆಗೆ ಲಾಕ್, ಯಾವ ಆ್ಯಪ್‌ಗೆ ಎಷ್ಟು ಸಮಯ ಎಂದು ನಿಗದಿ ಮಾಡಬಹುದು. ಮಗು ಹೊಸ ಆ್ಯಪ್ ಹಾಕಿಕೊಳ್ಳಲು ಹೊರಟರೆ ಒಪ್ಪಿಗೆ ಕೇಳುವ ಸಂದೇಶ ನಿಮ್ಮ ಫೋನಿಗೆ ಬರುತ್ತದೆ. ಆಟದೊಳಗೆ ಹಣ ಕೊಟ್ಟು ಏನಾದರೂ ಕೊಳ್ಳುವುದನ್ನೂ ಹೀಗೆಯೇ ತಡೆಯಬಹುದು. ಫೋನ್ ಎಲ್ಲಿದೆ ಎಂಬುದೂ ಕಾಣುತ್ತದೆ. ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳು ಅಲ್ಲಲ್ಲೇ ನಿಂತ ದಿನ ಈ ಲೊಕೇಶನ್ ಎಷ್ಟು ಧೈರ್ಯ ಕೊಡುತ್ತದೆಂದು ಮುಂಬಯಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಮಗುವಿನ ಮಾತುಕತೆಯನ್ನು ಮಾತ್ರ ಫ್ಯಾಮಿಲಿ ಲಿಂಕ್ ತೋರಿಸುವುದಿಲ್ಲ.

ಐಫೋನ್‌ಗಳಲ್ಲಿ ಇದೇ ಕೆಲಸಕ್ಕೆ 2018ರಿಂದ 'ಸ್ಕ್ರೀನ್ ಟೈಮ್' ಇದೆ. ಬೇರೆ ಆ್ಯಪ್ ಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಇನ್‌ಸ್ಟಾಗ್ರಾಮ್ ಹದಿಹರೆಯದವರಿಗಾಗಿ ತಂದ 'ಟೀನ್ ಅಕೌಂಟ್' 2025ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂತು. ಈ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಅಧಿಸೂಚನೆಗಳ ಸದ್ದಿಲ್ಲ. 16 ತುಂಬದವರು ಈ ನಿಯಮಗಳನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಕಳೆದ 7 ದಿನಗಳಲ್ಲಿ ಮಗು ಯಾರೊಂದಿಗೆ ಮಾತಾಡಿದೆ ಎಂದು ಹೆತ್ತವರು ನೋಡಬಹುದು, ಏನು ಮಾತಾಡಿದೆ ಎಂದು ನೋಡಲಾಗದು.

ಅಶ್ಲೀಲ ಜಾಲತಾಣಗಳನ್ನು ತಡೆಯಲು ಇನ್ನೊಂದು ದಾರಿ ಡಿಎನ್‌ಎಸ್ ಸೋಸುವಿಕೆ. ನಾವು ಜಾಲತಾಣದ ಹೆಸರು ಕೊಟ್ಟಾಗ ಅದರ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ ಕುಟುಂಬಗಳಿಗಾಗಿ ಉಚಿತವಾಗಿ ಕೊಡುತ್ತಿರುವ 1.1.1.3 ಎಂಬ ಡಿಎನ್‌ಎಸ್, ಅಶ್ಲೀಲ ತಾಣಗಳ ಮತ್ತು ವೈರಸ್ ಹರಡುವ ತಾಣಗಳ ವಿಳಾಸವನ್ನೇ ಕೊಡುವುದಿಲ್ಲ. ಮನೆಯ ವೈಫೈ ರೌಟರ್‌ನಲ್ಲಿ ಒಮ್ಮೆ ಹಾಕಿಟ್ಟರೆ ಆ ವೈಫೈ ಬಳಸುವ ಎಲ್ಲ ಫೋನು, ಟಿವಿಗಳಿಗೂ ಅನ್ವಯಿಸುತ್ತದೆ. ಫೋನಿನ ಮೊಬೈಲ್ ಡೇಟಾ ಆನ್ ಮಾಡಿದರೆ ಈ ತಡೆ ಉಳಿಯುವುದಿಲ್ಲ.

ಆ್ಯಪ್‌ನಿಂದ ಆಗದ ಕೆಲಸ

ವಾಟ್ಸ್ಆ್ಯಪ್ ಸಂದೇಶಗಳು 2016ರಿಂದ ಪೂರ್ತಿಯಾಗಿ ಗೂಢಲಿಪಿಯಲ್ಲಿ ಹೋಗುತ್ತವೆ. ಕಳಿಸಿದವರ ಮತ್ತು ಪಡೆದವರ ಫೋನುಗಳಲ್ಲಿ ಬಿಟ್ಟು ನಡುದಾರಿಯಲ್ಲಿ ಯಾರೂ ಓದಲಾರರು. ಮಗುವಿನ ವಾಟ್ಸ್ಆ್ಯಪ್ ಓದಿಕೊಡುತ್ತೇವೆಂದು ಹೇಳುವ ಆ್ಯಪ್‌ಗಳು ಆ ಫೋನಿನೊಳಗೇ ಕುಳಿತು, ಅಂಗವಿಕಲರ ಅನುಕೂಲಕ್ಕಾಗಿ ಮಾಡಿದ 'ಆ್ಯಕ್ಸೆಸಿಬಿಲಿಟಿ' ಅನುಮತಿಯನ್ನು ಪಡೆದು, ಪರದೆಯ ಮೇಲೆ ಮೂಡುವುದನ್ನೆಲ್ಲ ನಕಲು ಮಾಡುತ್ತವೆ. ಆ ಅನುಮತಿ ಸಿಕ್ಕ ಆ್ಯಪ್‌ಗೆ ಪಾಸ್‌ವರ್ಡ್, ಒಟಿಪಿ, ಫೋಟೊ ಯಾವುದೂ ಮರೆಯಲ್ಲ.

ಭಾಷೆಯ ತೊಡಕು ಇನ್ನೊಂದು. ಅಪಾಯದ ಪದಗಳನ್ನು ಹುಡುಕಿ ಎಚ್ಚರಿಸುವ ಆ್ಯಪ್‌ಗಳನ್ನು ಮುಖ್ಯವಾಗಿ ಇಂಗ್ಲಿಷಿಗಾಗಿ ಕಟ್ಟಿದ್ದಾರೆ. ನಮ್ಮ ಮಕ್ಕಳೋ ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಮರಾಠಿ, ಬಿಲ್ಡಿಂಗಿನ ಗೆಳೆಯರೊಂದಿಗೆ ಹಿಂದಿ ಆಡುತ್ತಾ, ಎಲ್ಲವನ್ನೂ ಬೆರೆಸಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರು. ಅವರ ನಡುವಿನ ತಮಾಷೆಯನ್ನು ಬೆದರಿಕೆಯೆಂದೂ, ನಿಜವಾದ ಬೆದರಿಕೆಯನ್ನು ತಮಾಷೆಯೆಂದೂ ಯಂತ್ರ ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಈ ಬೆರಕೆ ಮಾತಿನ ಒಳಗುಟ್ಟು ಬಲ್ಲವರು ಮನೆಯಲ್ಲಿರುವ ಅಕ್ಕ, ಅಣ್ಣ, ಅಮ್ಮ.

ಜೊತೆಗೆ ಮಕ್ಕಳು ಜಾಣರು. ಬೀರುವಿನಲ್ಲಿಟ್ಟ ಹಳೆಯ ಫೋನನ್ನು ವೈಫೈಗೆ ಜೋಡಿಸುವುದು, ವಿಪಿಎನ್ ಹಾಕುವುದು, ಫೋನಿನ ಗಡಿಯಾರ ಬದಲಿಸುವುದು, ಆ್ಯಪ್ ಬಂದಾದರೆ ಅದನ್ನೇ ಬ್ರೌಸರ್‌ನಲ್ಲಿ ತೆರೆಯುವುದು, ಗೆಳೆಯನ ಫೋನ್ ಕೇಳುವುದು ಅವರಿಗೆ ಗೊತ್ತಿರುವ ದಾರಿಗಳು. ಬೀಗ ಮುರಿಯುವುದೇ ಆಟವಾದರೆ ಆ ಆಟದಲ್ಲಿ ಗೆಲ್ಲುವವರು ಅವರೇ.

ಕದ್ದು ನೋಡಿದರೆ ಕಳೆದುಕೊಳ್ಳುವುದು

'ಮಗುವಿಗೆ ಗೊತ್ತೇ ಆಗುವುದಿಲ್ಲ' ಎಂಬ ಜಾಹೀರಾತು ಕಂಡರೆ ಅಲ್ಲೇ ನಿಲ್ಲಿ. ಗುಟ್ಟಾಗಿ ಕೆಲಸ ಮಾಡುವ ಬೇಹು ಆ್ಯಪ್‌ಗಳನ್ನು ಗೂಗಲ್ 2020ರ ಅಕ್ಟೋಬರ್‌ನಿಂದ ಪ್ಲೇ ಸ್ಟೋರ್‌ನಲ್ಲಿ ನಿಷೇಧಿಸಿದೆ. ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್ ಇರಬಹುದು, ಆದರೆ ತಾನು ಇದ್ದೇನೆಂದು ಅದು ಫೋನಿನಲ್ಲಿ ಸದಾ ಕಾಣಿಸಿಕೊಳ್ಳಬೇಕು. ಹಾಗಾಗಿ ಗುಟ್ಟಿನ ಆ್ಯಪ್‌ಗಳು ಹೊರಗಿನ ಜಾಲತಾಣಗಳಿಂದ ಬರುತ್ತವೆ, ಫೋನಿನ ರಕ್ಷಣೆಗಿರುವ 'ಪ್ಲೇ ಪ್ರೊಟೆಕ್ಟ್' ಆಫ್ ಮಾಡಿ ಎನ್ನುತ್ತವೆ.

ಹೀಗೆ ಕಲೆಹಾಕಿದ ಮಾಹಿತಿ ಎಲ್ಲಿಗೆ ಹೋಗುತ್ತದೆ? ಎಂಸ್ಪೈ ಎಂಬ ಆ್ಯಪ್‌ನ ಬಳಕೆದಾರರ ಮಾಹಿತಿ 2015ರಲ್ಲಿ ಸೋರಿತು, ಆಮೇಲೆ 2018ರಲ್ಲೂ 2024ರಲ್ಲೂ ಸೋರಿತು. ಟೀನ್‌ಸೇಫ್ ಎಂಬ ಅಮೆರಿಕದ ಆ್ಯಪ್‌ನ ಸರ್ವರ್ 2018ರ ಮೇ ತಿಂಗಳಲ್ಲಿ ಯಾವ ರಕ್ಷಣೆಯೂ ಇಲ್ಲದೆ ತೆರೆದುಬಿದ್ದಿತ್ತು. ಮಕ್ಕಳ ಆ್ಯಪಲ್ ಖಾತೆಗಳ ಪಾಸ್‌ವರ್ಡ್‌ಗಳು ಅದರಲ್ಲಿ ಹಾಗೆಯೇ ಓದಲು ಸಿಗುತ್ತಿದ್ದವು. ಮಗುವಿನ ರಕ್ಷಣೆಗೆಂದು ದುಡ್ಡು ಕೊಟ್ಟ ಹೆತ್ತವರೇ, ತಮಗೆ ತಿಳಿಯದಂತೆ, ಮಗುವಿನ ಮಾಹಿತಿಯನ್ನು ಬೀದಿಗಿಟ್ಟಂತಾಯಿತು.

ಇದಕ್ಕಿಂತ ದೊಡ್ಡ ನಷ್ಟ ಮನೆಯೊಳಗಿನದು. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇಂಥ ಆ್ಯಪ್‌ಗಳ ಬಗ್ಗೆ ಮಕ್ಕಳೇ ಬರೆದ 736 ಅಭಿಪ್ರಾಯಗಳನ್ನು ಓದಿ ವಿಶ್ಲೇಷಿಸಿದರು. ಬಹುಪಾಲು ಮಕ್ಕಳು ಕನಿಷ್ಠ ಅಂಕ ಕೊಟ್ಟಿದ್ದರು. ಆ್ಯಪ್ ತಮ್ಮ ಗೋಪ್ಯವನ್ನು ಕಸಿಯಿತು, ಅಪ್ಪ ಅಮ್ಮನೊಂದಿಗಿನ ಸಂಬಂಧವನ್ನು ಕೆಡಿಸಿತು ಎಂಬುದು ಅವರ ದೂರು. ಅಪರಿಚಿತನೊಬ್ಬ ಫೋಟೊ ಹಿಡಿದು ಹೆದರಿಸಿದಾಗ ಮಗು ಮೊದಲು ಯಾರ ಬಳಿಗೆ ಓಡಬೇಕೋ ಅವರ ಮೇಲೆಯೇ ನಂಬಿಕೆ ಹೋದರೆ, ಯಾವ ಆ್ಯಪ್ ಅದನ್ನು ಮರಳಿ ತಂದುಕೊಟ್ಟೀತು?

ಕಾನೂನು ಏನೆನ್ನುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಕೋರ್ಟಿನ ಮೆಟ್ಟಿಲೇರಿದಾಗ ಎಂಬತ್ತು ದಾಟಿದ್ದರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಮಕ್ಕಳ ವಿಷಯವನ್ನು ಬೇರೆಯಾಗಿ ಎತ್ತಿಕೊಂಡು, ಬಾಲ್ಯದ ತಪ್ಪುಗಳು ಅಂತರ್ಜಾಲದಲ್ಲಿ ಉಳಿದು ಬದುಕಿಡೀ ಬೆನ್ನು ಹತ್ತಬಾರದೆಂಬ ಅರ್ಥದಲ್ಲಿ ಬರೆದರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಹೆತ್ತವರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳದೆ ಕಂಪನಿಗಳು ಮಕ್ಕಳ ಮಾಹಿತಿ ಬಳಸುವಂತಿಲ್ಲ, ಅವರ ವರ್ತನೆಯ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮನೆಯೊಳಗಿನ ಸ್ವಂತ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಮಗುವಿನ ಫೋನಿಗೆ ಎಷ್ಟು ಕಾವಲು ಎಂಬ ತೀರ್ಮಾನವನ್ನು ಕಾನೂನು ಹೆತ್ತವರ ವಿವೇಕಕ್ಕೇ ಬಿಟ್ಟಿದೆ.

ವಯಸ್ಸಿಗೆ ತಕ್ಕ ಕಾವಲು

10 ವರ್ಷದವರೆಗೆ ಮಗುವಿಗೆ ಸ್ವಂತ ಫೋನ್ ಬೇಡ. ಮನೆಯ ಫೋನನ್ನು ಎಲ್ಲರೂ ಓಡಾಡುವ ಕೋಣೆಯಲ್ಲಿ, ಗೊತ್ತುಮಾಡಿದ ಹೊತ್ತು ಮಾತ್ರ ಕೊಡಿ. ಯುಪಿಐ ಪಿನ್ ಅನ್ನು ಮಗುವಿಗೆ ಹೇಳಬೇಡಿ.

10ರಿಂದ 13ರ ನಡುವೆ ಫೋನ್ ಕೊಡಲೇಬೇಕಾದರೆ ಫ್ಯಾಮಿಲಿ ಲಿಂಕ್ ಅಥವಾ ಸ್ಕ್ರೀನ್ ಟೈಮ್ ಹಾಕಿಯೇ ಕೊಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಯಾಕೆ ಹಾಕಿದ್ದೇವೆ ಎಂದು ಹೇಳಿ. ಈ ವಯಸ್ಸಿನಲ್ಲಿ ಇನ್‌ಸ್ಟಾಗ್ರಾಮ್ ಖಾತೆ ತೆರೆಯಲು ಆ ಕಂಪನಿಯ ನಿಯಮವೇ ಬಿಡುವುದಿಲ್ಲ. ಹುಟ್ಟಿದ ವರ್ಷ ಬದಲಿಸಿ ಖಾತೆ ಮಾಡಿಕೊಟ್ಟರೆ ಮಕ್ಕಳಿಗಾಗಿ ಇರುವ ರಕ್ಷಣೆಯೂ ತಪ್ಪಿಹೋಗುತ್ತದೆ.

13ರಿಂದ 16ರವರೆಗೆ ರಾತ್ರಿಯ ಲಾಕ್, ಹೊಸ ಆ್ಯಪ್‌ಗೆ ಒಪ್ಪಿಗೆ, ಲೊಕೇಶನ್ ಇರಲಿ. ಮಾತುಕತೆ ಓದುವುದು ಬೇಡ. ಯಾರಾದರೂ ಕಾಡುತ್ತಿದ್ದಾರೆಂಬ ಬಲವಾದ ಅನುಮಾನ ಬಂದರೆ ಮಗುವಿನ ಜೊತೆಗೇ ಕುಳಿತು ನೋಡಿ. 16 ದಾಟಿದ ಮೇಲೆ ಕಾವಲನ್ನು ಒಂದೊಂದಾಗಿ ತೆಗೆಯಿರಿ. 18ಕ್ಕೆ ಕಾಲೇಜು, ಕೆಲಸ ಎಂದು ಹೊರಡುವ ಮಗನಿಗೋ ಮಗಳಿಗೋ ತಮ್ಮನ್ನು ತಾವೇ ಕಾಯ್ದುಕೊಳ್ಳುವ ಅಭ್ಯಾಸ ಅಷ್ಟರಲ್ಲಿ ಆಗಿರಬೇಕು.

ನಿಯಮ ಹಿರಿಯರಿಗೂ ಇದ್ದರೆ ಮಕ್ಕಳು ಒಪ್ಪುತ್ತಾರೆ. ಕನ್ನಡಿಗರೂ ನೆಲೆಸಿರುವ ಗಡಿ ಜಿಲ್ಲೆ ಸಾಂಗ್ಲಿಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಇದನ್ನು ಮಾಡಿ ತೋರಿಸಿತು. ಅಲ್ಲಿ ಸಂಜೆ 7ಕ್ಕೆ ಸೈರನ್ ಕೂಗಿದರೆ ಮನೆಮನೆಯಲ್ಲೂ ಮೊಬೈಲ್, ಟಿವಿ ಬಂದ್. ಒಂದೂವರೆ ಗಂಟೆ ಓದು, ಮಾತು. ಹಿರಿಯರಿಗೂ ವಿನಾಯಿತಿ ಇಲ್ಲ. ನಗರದ ಮನೆಗಳು ರಾತ್ರಿಯೂಟದ ಅರ್ಧ ಗಂಟೆಯಿಂದ ಇದನ್ನು ಶುರುಮಾಡಬಹುದು.

ತೊಂದರೆ ಬಂದಾಗ

ಹಣದ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಗುವಿನ ಮೇಲೆ ಕಿರುಕುಳ, ದೌರ್ಜನ್ಯ ನಡೆದರೆ 1098. ಮನಸ್ಸಿನ ಬಳಲಿಕೆಗೆ ಟೆಲಿ ಮಾನಸ್‌ನ 14416. ಮೊಬೈಲ್ ಗೀಳೇ ಕಾಯಿಲೆಯಂತಾದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯವನ್ನೇ ತೆರೆಯಿತು. ಮಗುವಿನ ನಗ್ನ ಚಿತ್ರ ಹರಿದಾಡುವ ಭಯವಿದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಸಂಕೇತ ಸಂಖ್ಯೆ ಮಾತ್ರ ಹೋಗಿ, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಂಪನಿಗಳಿಗೆ ಆ ಚಿತ್ರವನ್ನು ಗುರುತಿಸಿ ತೆಗೆಯಲು ನೆರವಾಗುತ್ತದೆ.

ಊರು ಬಿಟ್ಟು ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತು ಮೇಲೆ ಬಂದ ನಗರ ಮುಂಬಯಿ. ತಾಯಿ ತಂದೆ ದೂರವಿದ್ದ ಆ ಹುಡುಗರನ್ನು ಕಾಯ್ದವರು ರಾತ್ರಿಶಾಲೆಯ ಮೇಷ್ಟ್ರು, ಊರಿನ ಹಿರಿಯರು, ಸಂಘಗಳು. ಆ ಹೊಣೆ ಇಂದಿಗೂ ಮುಗಿದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವರ ಭವನ ಮತ್ತು ಉಪನಗರಗಳ ಸಣ್ಣ ಸಂಘಗಳು ವರ್ಷಕ್ಕೊಂದು ಭಾನುವಾರ ಈ ಕೆಲಸಕ್ಕೆ ಮೀಸಲಿಟ್ಟು, ಫೋನಿನ ಸೆಟ್ಟಿಂಗ್ಸ್ ಬಲ್ಲ ಕಾಲೇಜು ಹುಡುಗ ಹುಡುಗಿಯರಿಂದ ಹೆತ್ತವರಿಗೆ ಕನ್ನಡದಲ್ಲೇ ಕಲಿಸಿಕೊಡಲಿ. ಹೆತ್ತವರು ಅದಕ್ಕಾಗಿ ಕಾಯಬೇಕಾಗಿಲ್ಲ. 'ಫೋನಿನಲ್ಲಿ ಏನೇ ಆಗಲಿ, ಮೊದಲು ನನಗೆ ಹೇಳು. ನಾನು ಬೈಯುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ' ಎಂದು ಮಗುವಿಗೆ ಇವತ್ತೇ ಹೇಳಿ, ಆ ಮಾತನ್ನು ಉಳಿಸಿಕೊಳ್ಳಿ.