ಕುಂಟುವ ಕೋಳಿಯ ಅಂಗಾಲು ನೋಡಿ

ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಕೋಳಿಗಳೆಲ್ಲ ದಬದಬ ಹೊರಬಿದ್ದು ತಿಪ್ಪೆಯ ಕಡೆ ಓಡುತ್ತವೆ. ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಗಿರಿರಾಜ ತಳಿಯ ಹೇಂಟೆ ಮಾತ್ರ ಹಿಂದೆ ಉಳಿಯಿತು. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಒಂದು ಕಾಲನ್ನು ಪುಕ್ಕದೊಳಗೆ ಎಳೆದುಕೊಳ್ಳುವುದು. ಉಳುಕಿರಬೇಕು ಅಂತ ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಹಿಡಿದು ಕಾಲು ಮಗುಚಿದರೆ ಅಂಗಾಲಿನ ನಡುವೆ ಕಡಲೆಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತ ಕೆಂಪಗೆ ಊದಿಕೊಂಡ ಬಾವು. ಮುಟ್ಟಿದರೆ ಬಿಸಿ.

ಪಶುವೈದ್ಯರು ಇದಕ್ಕೆ ಬಂಬಲ್‌ಫೂಟ್ ಅನ್ನುತ್ತಾರೆ. ಮುಳ್ಳು, ಬೇಲಿಯ ತಂತಿಯ ತುದಿ, ಕಾಂಕ್ರೀಟಿನ ಒರಟು ನೆಲ, ಯಾವುದೋ ಒಂದರಿಂದ ಅಂಗಾಲಿನ ಚರ್ಮ ಹರಿಯುತ್ತದೆ. ಒಳಗೆ ನುಗ್ಗುವುದು ಹೆಚ್ಚಾಗಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದು ಹೊರಗಿನಿಂದ ಬರುವ ಶತ್ರುವೇನಲ್ಲ. ಕೋಳಿಯ ಚರ್ಮದ ಮೇಲೂ ಇರುತ್ತದೆ, ಎಷ್ಟೋ ಜನರ ಮೂಗಿನೊಳಗೂ ಇರುತ್ತದೆ. ಅದಕ್ಕೇ ಗಾಯ ಮುಟ್ಟುವಾಗ ಗ್ಲೌಸ್ ಬೇಕು. ಮೈಭಾರದ ಕೋಳಿಗೆ ಈ ಕಾಟ ಹೆಚ್ಚು. ನಾಟಿ ಕೋಳಿ ಹಗುರಾಗಿ ಹಾರಿ ಇಳಿಯುತ್ತದೆ, ಗಿರಿರಾಜ ಧೊಪ್ಪನೆ ಬೀಳುತ್ತದೆ.

ಇನ್ನು ಕೀವಿನ ವಿಷಯ. ನಮಗೆ ಕುರು ಎದ್ದರೆ ಹಣ್ಣಾಗಿ ಒಡೆದು ಕೀವು ಹರಿದುಹೋಗುತ್ತದೆ. ಕೋಳಿಗೆ ಹಾಗಾಗುವುದಿಲ್ಲ. ಕೀವನ್ನು ನೀರಾಗಿಸುವ ಕೆಲವು ಕಿಣ್ವಗಳು ನಮ್ಮ ಬಿಳಿ ರಕ್ತಕಣಗಳಲ್ಲಿವೆ, ಕೋಳಿಯ ಕಣಗಳಲ್ಲಿಲ್ಲ. ಹಾಗಾಗಿ ಅದರ ಕೀವು ಒಣಗಿದ ಗಿಣ್ಣಿನ ಹಾಗೆ ಗಟ್ಟಿ ಗಂಟಾಗಿ ಒಳಗೇ ಕೂರುತ್ತದೆ. ಹಣ್ಣಾಗಲಿ ಅಂತ ಪಟ್ಟು ಹಾಕಿ ಕಾಯುವುದು ದಂಡ. ಹಿಸುಕಿದರಂತೂ ಸೋಂಕು ಇನ್ನೂ ಆಳಕ್ಕೆ ಇಳಿದು ಸ್ನಾಯುರಜ್ಜುವಿಗೆ, ಮೂಳೆಗೆ ಹತ್ತುತ್ತದೆ.

ಬಾವು ಸಣ್ಣದಿದ್ದಾಗ ಮನೆಯಲ್ಲೇ ಆರೈಕೆ ಮಾಡಬಹುದು. ಕೋಳಿಯನ್ನು ರಾತ್ರಿ ಹಿಡಿಯಿರಿ, ಕತ್ತಲಲ್ಲಿ ಅದು ಒದ್ದಾಡುವುದಿಲ್ಲ. ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಿ. ಎದೆ ಅಮುಕಬೇಡಿ: ಕೋಳಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಗೂಡು ಏರಿಳಿದರಷ್ಟೇ ಉಸಿರು. ಕೂಸಿಗೆ ಎರೆಯುವಷ್ಟು ಬೆಚ್ಚಗಿನ ನೀರಿಗೆ, ಲೀಟರಿಗೆ 2 ದೊಡ್ಡ ಚಮಚ ಎಪ್ಸಮ್ ಉಪ್ಪು ಕಲಸಿ, ಕಾಲನ್ನು 10ರಿಂದ 15 ನಿಮಿಷ ನೆನೆಸಿ. ಮಣ್ಣು, ಹಿಕ್ಕೆ ತೊಳೆದು ಒರೆಸಿ, ತಿಳಿ ಟೀ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ. ಮೇಲೆ ಗಾಜ್ ಇಟ್ಟು, ಬೆರಳುಗಳ ಸಂದಿಯಲ್ಲಿ ಹಾಯಿಸಿ ಪಟ್ಟಿ ಸುತ್ತಿ. ಬೆರಳು ಊದಿದರೆ, ತಣ್ಣಗಾದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. ದಿನವೂ ಬದಲಿಸಿ, ಒದ್ದೆಯಾದರೆ ಕೂಡಲೇ. ಅರಿಸಿನ ಮೆತ್ತುವವರಿದ್ದಾರೆ, ನಮ್ಮಮ್ಮನೂ ಮೆತ್ತಲು ಬಂದರು. ಅದರ ಹಳದಿಯಲ್ಲಿ ಕೆಂಪು ಏರಿತೋ ಇಳಿಯಿತೋ ಕಾಣುವುದೇ ಇಲ್ಲ, ಹಾಗಾಗಿ ನಾನು ಬೇಡವೆಂದೆ.

ಹಕ್ಕಳೆ ಕೀಳಬೇಡಿ. ಬ್ಲೇಡು ಹಿಡಿದು ಗಂಟು ತೆಗೆಯುವ ವಿಡಿಯೊಗಳು ಬೇಕಾದಷ್ಟಿವೆ. ನೋವು ತಿಳಿಯದ ಹಾಗೆ ಮಾಡದೆ ಕೊಯ್ಯುವುದು ಹಿಂಸೆ, ರಕ್ತವೂ ಧಾರಾಳ ಹೋಗುತ್ತದೆ. ವಾರ ಕಳೆದರೂ ಬಾವು ಇಳಿಯದಿದ್ದರೆ, ಹಿಮ್ಮಡಿಯ ಗಂಟಿನ ಕಡೆಗೆ ಏರಿದರೆ, ಕೋಳಿ ಮೇವು ಬಿಟ್ಟರೆ ಪಶುವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ತಿನ್ನಿಸುವುದು ಸಲ್ಲದು. ವೈದ್ಯರೇ ಆಂಟಿಬಯೋಟಿಕ್ ಕೊಟ್ಟರೂ ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಎಂದು ಕೇಳಿಕೊಂಡೇ ಬನ್ನಿ.

ಕುಂಟುವುದೆಲ್ಲ ಇದೇ ಅಲ್ಲ. ಅಂಗಾಲು ಚೊಕ್ಕಟವಾಗಿದ್ದು ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿದ್ದರೆ ಮ್ಯಾರೆಕ್ಸ್ ಇರಬಹುದು, ಅದು ವೈರಸ್ ರೋಗ. ಕಾಲಿನ ಹುರುಪೆ ಎದ್ದು ಸುಣ್ಣ ಹತ್ತಿದ ಹಾಗಿದ್ದರೆ ಕಣ್ಣಿಗೆ ಕಾಣದ ನುಸಿ. ತೊಳೆದು ವ್ಯಾಸಲೀನ್ ದಪ್ಪಗೆ ಬಳಿಯುತ್ತ ಬಂದರೆ ನುಸಿ ಉಸಿರುಗಟ್ಟಿ ಸಾಯುತ್ತದೆ.

ಔಷಧಿ ಹಚ್ಚಿದ ಕಾಲನ್ನು ಮತ್ತೆ ಕೆಸರಿಗೆ ಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಾನು ಹೇಂಟೆಯನ್ನು ಬೇರೆ ಬುಟ್ಟಿಯಲ್ಲಿ ಒಣಹುಲ್ಲಿನ ಮೇಲೆ ಇಟ್ಟು ಗೂಡಿನ ಕಡೆ ತಿರುಗಿದೆ. ಒದ್ದೆ ಹೊಟ್ಟು ಗುಡಿಸಿ ಹೊಸ ಭತ್ತದ ಹೊಟ್ಟನ್ನು 3 ಇಂಚು ಹರಡಿ, ಎರಡು ದಿನಕ್ಕೊಮ್ಮೆ ಕೆದಕುತ್ತ ಬಂದೆ. ತಪ್ಪಿದ್ದದ್ದು ಕೂರುವ ಅಟ್ಟಣೆಯಲ್ಲಿ. ನಾಟಿ ಕೋಳಿಗೆಂದು ಆಳೆತ್ತರಕ್ಕೆ ಕಟ್ಟಿದ್ದ ಬಿದಿರದು, ಗೆಣ್ಣಿನಲ್ಲಿ ಸಿಬಿರು ಬೇರೆ ಎದ್ದಿತ್ತು. ಅದನ್ನು ಕಿತ್ತು, ಅಂಚು ಉಜ್ಜಿದ 2 ಇಂಚು ಅಗಲದ ರೀಪನ್ನು ನೆಲದಿಂದ ಒಂದೂವರೆ ಅಡಿಗೆ ಹೊಡೆದೆ. ಮೂರು ವಾರದ ಮೇಲೆ ಹೇಂಟೆಯನ್ನು ಒಳಗೆ ಬಿಟ್ಟರೆ, ಹುಂಜ ಆಗಲೇ ಆ ರೀಪಿನ ನಡುವೆ ಜಾಗ ಹಿಡಿದಿತ್ತು. ಇದು ಹೋಗಿ ತುದಿಯಲ್ಲಿ, ಎರಡೂ ಕಾಲೂರಿ ಕೂತಿತು.